ಹಿತ್ತಲಿನ ಈರುಳ್ಳಿ

ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ನೈಋತ್ಯ ದಿಕ್ಕಿನಲ್ಲಿ ಬಂಡೆಗಲ್ಲುಗಳ ಬೆಟ್ಟವೊಂದು ತಲೆಯೆತ್ತಿ ನಿಂತಿದೆ. ಅದರ ತಪ್ಪಲಿನಲ್ಲಿರುವ ಊರೇ ಆವನಿ. ನೊಳಂಬ ಅರಸರ ಕಾಲದ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ದೇವಾಲಯಗಳು ಇಲ್ಲಿವೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ವಾಲ್ಮೀಕಿಯ ಆಶ್ರಮವು ಇಲ್ಲಿದ್ದಿತೆಂದೂ ಸೀತೆಯು ಲವಕುಶರನ್ನು ಹೆತ್ತು ಬೆಳೆಸಿದುದು ಇಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ‘ಅವನಿ’ ಎಂದರೆ ಭೂಮಿ. ಸೀತೆಯಾದರೋ ಅವನಿಜೆ, ಭೂಮಿಯ ಮಗಳು. ಊರಿನ ಹೆಸರನ್ನು ಕೇಳಿದೊಡನೆ ಈ ಎರಡು ಮಾತುಗಳೂ ನೆನಪಿಗೆ ಬರುತ್ತವೆ.

ಈ ಸೀಮೆಯ ಭೂಮಿ ಫಲವತ್ತಾದುದೇ ಸರಿ. ಆದರೆ ಇಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆ. ಅದರಲ್ಲಿಯೂ ದೊಡ್ಡದೊಂದು ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಸುರಿದು ಹೋಗುತ್ತದೆ. ಇಂತಹ ನಾಡಿನಲ್ಲಿ ಬಾಳಬೇಕಾದರೆ ಬಂದುದನ್ನು ಕೂಡಿಡುವ ಜಾಣ್ಮೆ ಬೇಕು. ಹತ್ತನೆಯ ಶತಮಾನದಲ್ಲಿ ಆವನಿಯ ಸ್ಥಾನಾಧಿಪತಿಯಾಗಿದ್ದ ತ್ರಿಭುವನಕರ್ತನೆಂಬ ಯತಿಯು ನಲವತ್ತು ವರ್ಷಗಳ ಅವಧಿಯಲ್ಲಿ ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ದೇವರ ಮನೆಯೊಡನೆ ನೀರಿನ ಮನೆಯನ್ನೂ ಕಟ್ಟಿಸಬೇಕೆಂಬ ವಿವೇಕ ಆ ಕಾಲದವರಿಗಿದ್ದಿತು. ಮಳೆಯ ನೀರಿಗೆ ಕೆರೆ, ರಾಗಿಗೆ ಹಗೇವು, ಹುಲ್ಲಿಗೆ ಬಣವೆ—ಹೀಗೆ ಒಂದೊಂದಕ್ಕೂ ಒಂದೊಂದು ಕಾಪನ್ನು ಈ ಸೀಮೆಯ ಜನ ಕಂಡುಕೊಂಡರು. ಅವರು ಕಾಪಿಟ್ಟುಕೊಂಡು ಬಂದ ವಸ್ತುಗಳಲ್ಲಿ ಅತಿ ಚಿಕ್ಕದೂ ಅತಿ ಕಷ್ಟದ್ದೂ ಯಾವುದೆಂದರೆ ಹಿತ್ತಲಿನಲ್ಲಿ ಬೆಳೆದ ಸಣ್ಣ ಈರುಳ್ಳಿ.

ಸಣ್ಣ ಈರುಳ್ಳಿಗೆ ಸಾಂಬಾರ್ ಈರುಳ್ಳಿ ಎಂಬ ಹೆಸರೂ ಉಂಟು. ನೆರೆಯ ತಮಿಳರು ಇದನ್ನು ಚಿನ್ನ ವೆಂಗಾಯಂ ಎನ್ನುತ್ತಾರೆ. ಇಂಗ್ಲಿಷಿನ ‘ಷಾಲಟ್’ ಎಂಬ ಹೆಸರು ಪ್ಯಾಲೆಸ್ಟೈನಿನ ಕಡಲ ತೀರದಲ್ಲಿದ್ದ ಆಸ್ಕಲಾನ್ ಎಂಬ ಪ್ರಾಚೀನ ಪಟ್ಟಣದ ಹೆಸರಿನಿಂದ ಬಂದುದು. ಒಂದು ಕಾಲದಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆಯ ಜಾತಿಯೆಂದೇ ಎಣಿಸಿದ್ದರು. ಈಗ ಇದನ್ನೂ ದೊಡ್ಡ ಈರುಳ್ಳಿಯನ್ನೂ ‘ಅಲಿಯಂ ಸೀಪ’ ಎಂಬ ಒಂದೇ ಜಾತಿಗೆ ಸೇರಿಸಿದ್ದಾರೆ.

ಜಾತಿ ಒಂದಾದರೂ ಗುಣ ಬೇರೆ. ದೊಡ್ಡ ಈರುಳ್ಳಿಯನ್ನು ಕಪ್ಪು ಬೀಜದಿಂದ ಸಸಿಮಾಡಿ ಬೆಳೆಯುತ್ತಾರೆ. ಒಂದು ಸಸಿಗೆ ಒಂದೇ ಗೆಡ್ಡೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಹೊಲಗಳಲ್ಲಿ ಬೆಳೆದು ಮಲೇಷ್ಯ, ಸಿಂಗಪುರಗಳಿಗೆ ಹಡಗೇರಿ ಹೋಗುವ ‘ಬೆಂಗಳೂರು ಗುಲಾಬಿ ಈರುಳ್ಳಿ’ಯೂ ಈ ಬಗೆಯದೇ. 2015ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಈರುಳ್ಳಿ ಗಾತ್ರದಲ್ಲಿ ಕಿರಿದಾಗಿದ್ದರೂ ಸಾಂಬಾರ್ ಈರುಳ್ಳಿಯಲ್ಲ. ಸಾಂಬಾರ್ ಈರುಳ್ಳಿಯನ್ನು ಸಾಮಾನ್ಯವಾಗಿ ಗೆಡ್ಡೆಯಿಂದಲೇ ಬೆಳೆಯುತ್ತಾರೆ. ಒಂದು ಗೆಡ್ಡೆಯನ್ನು ನೆಟ್ಟರೆ ಅದರೊಳಗೆ ಅಡಗಿರುವ ಹಲವು ಮೊಳಕೆಯ ಕಣ್ಣುಗಳು ಒಂದೊಂದಾಗಿ ಬೆಳೆದು, ಐದಾರರಿಂದ ಎಂಟು ಹತ್ತು ಗೆಡ್ಡೆಗಳ ಗೊಂಚಲಾಗುತ್ತವೆ. ಒಂದು ಹೋಗಿ ಹತ್ತಾಗುವ ಸಂಸಾರ ಇದರದು.

ಗೆಡ್ಡೆಯೆಂದು ಕರೆದರೂ ಇದು ಮೂಲಂಗಿಯಂತೆ ಬೇರಲ್ಲ, ಆಲೂಗೆಡ್ಡೆಯಂತೆ ಕಾಂಡವೂ ಅಲ್ಲ. ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಬುಡದಲ್ಲಿ ಬಿಲ್ಲೆಯಂತಿರುವ ಗಟ್ಟಿ ಭಾಗವೇ ಕಾಂಡ. ಅದರ ಮೇಲೆ ಒಂದರೊಳಗೊಂದು ಸುತ್ತಿಕೊಂಡಿರುವ ಪದರಗಳೆಲ್ಲ ಎಲೆಗಳ ಬುಡಗಳು. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರವೆಲ್ಲ ಇಳಿದು ಬಂದು ಈ ಬುಡಗಳಲ್ಲಿ ಸೇರಿಕೊಳ್ಳುತ್ತದೆ. ನಟ್ಟನಡುವೆ ಎಳೆಯ ಹಸಿರು ಮೊಳಕೆ ಮಲಗಿರುತ್ತದೆ. ಒಳಗೆ ಮಗು, ಸುತ್ತಲೂ ಅದಕ್ಕೆ ಬೇಕಾದ ಬುತ್ತಿ, ಹೊರಗೆ ಒಣಗಿದ ಸಿಪ್ಪೆಯ ಹೊದಿಕೆ—ಈರುಳ್ಳಿಯ ರಚನೆ ಇದು. ಆದುದರಿಂದ ಕಿತ್ತು ತಂದ ಈರುಳ್ಳಿ ಸತ್ತ ವಸ್ತುವಲ್ಲ, ನಿದ್ರಿಸುತ್ತಿರುವ ಜೀವ. ಇದನ್ನು ಮರೆಯದಿದ್ದರೆ ಕಟಾವಿನ ಮತ್ತು ಸಂಗ್ರಹದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಆವನಿಯಂತಹ ಊರುಗಳಲ್ಲಿ ಹಿಂಗಾರಿನ ಮಳೆ ನಿಲ್ಲುತ್ತ ಬಂದಾಗ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಸಣ್ಣ ಈರುಳ್ಳಿಯನ್ನು ನೆಡಲು ಅನುಕೂಲ. ಹಿತ್ತಲಿನಲ್ಲಿ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಜಾಗವಿದ್ದರೆ ಸಾಕು. ಅದಕ್ಕೆ ಸುಮಾರು ಎರಡು ಕಿಲೋಗ್ರಾಂ ಬಿತ್ತನೆಯ ಗೆಡ್ಡೆ ಬೇಕಾಗುತ್ತದೆ. ಕೊಟ್ಟಿಗೆಯ ಹಳೆಯ ಗೊಬ್ಬರ ಬೆರೆಸಿದ ಕೆಂಪು ಮಣ್ಣಿನಲ್ಲಿ, ನೀರು ನಿಲ್ಲದಂತೆ ಬದುಗಳನ್ನು ಎತ್ತಿ, ಅವುಗಳ ಇಕ್ಕೆಲಗಳಲ್ಲಿ ನಾಲ್ಕು ಬೆರಳಿಗೊಂದರಂತೆ ಗೆಡ್ಡೆಗಳನ್ನು ಊರುತ್ತಾರೆ. ಪಾತ್ರೆ ತೊಳೆದ ನೀರಿನ ಕಾಲುವೆಯ ಪಕ್ಕದಲ್ಲಿಯೇ ಪಾತಿ ಮಾಡಿಕೊಳ್ಳುವವರೂ ಉಂಟು. ಬೆಳೆ ಚೆನ್ನಾಗಿ ಬಂದರೆ ಎರಡು ಕಿಲೋಗ್ರಾಂ ಬಿತ್ತನೆಗೆ ಇಪ್ಪತ್ತು ಕಿಲೋಗ್ರಾಂನಷ್ಟು ಫಲ ದೊರೆಯುವುದು. ನೆಟ್ಟ ಎರಡೂವರೆ ಮೂರು ತಿಂಗಳಿಗೆ ಅದು ಬಲಿಯುತ್ತದೆ. ಶಿವರಾತ್ರಿಗೆ ಆವನಿಯಲ್ಲಿ ನಡೆಯುವ ಜಾತ್ರೆಯ ಗದ್ದಲ ಆರಂಭವಾಗುವ ವೇಳೆಗೆ ಹಿತ್ತಲಿನ ಈರುಳ್ಳಿಯೂ ಮನೆಯೊಳಗೆ ಬರಬೇಕಾದ ಕಾಲ ಒದಗಿರುತ್ತದೆ.

ಬೆಳೆ ಬಲಿತುದನ್ನು ತಿಳಿಯಲು ಪಂಚಾಂಗವನ್ನು ನೋಡಬೇಕಾಗಿಲ್ಲ, ಗಿಡವೇ ತಿಳಿಸುತ್ತದೆ. ಅದುವರೆಗೆ ನೆಟ್ಟಗೆ ನಿಂತಿದ್ದ ಎಲೆಗಳ ತುದಿ ಹಳದಿಯಾಗುತ್ತದೆ. ಗೆಡ್ಡೆಯೂ ಎಲೆಯೂ ಕೂಡುವ ಜಾಗವಾದ ಕುತ್ತಿಗೆ ಮೆತ್ತಗಾಗಿ, ಎಲೆಗಳು ತಾವಾಗಿಯೇ ನೆಲಕ್ಕೆ ಒರಗುತ್ತವೆ. ಇನ್ನು ಹೊಸ ಎಲೆ ಹುಟ್ಟುವುದಿಲ್ಲ; ಎಲೆಯಲ್ಲಿದ್ದ ಸಾರ ಗೆಡ್ಡೆಗೆ ಇಳಿಯುತ್ತಿದೆ ಎಂಬುದು ಇದರ ಅರ್ಥ. ಪಾತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಗಿಡಗಳು ಹೀಗೆ ಒರಗಿದಾಗ ಕಟಾವು ಮಾಡಬೇಕು. ಅದಕ್ಕೆ ಹತ್ತು ಹದಿನೈದು ದಿನ ಮುಂಚಿನಿಂದಲೇ ನೀರು ಹಾಯಿಸುವುದನ್ನು ನಿಲ್ಲಿಸಬೇಕು. ಕೊನೆಯ ದಿನದವರೆಗೂ ನೀರು ಕುಡಿದ ಗೆಡ್ಡೆ ನೋಡಲು ದಪ್ಪನಾಗಿದ್ದರೂ ಬಹುಕಾಲ ಬಾಳುವುದಿಲ್ಲ.

ಇಲ್ಲಿ ಅವಸರವೂ ಕೂಡದು, ಆಲಸ್ಯವೂ ಕೂಡದು. ಎಲೆಗಳು ಹಸಿರಾಗಿರುವಾಗಲೇ ಕಿತ್ತರೆ ಕುತ್ತಿಗೆ ದಪ್ಪವಾಗಿ ತೆರೆದೇ ಇರುತ್ತದೆ. ಆ ದಾರಿಯಿಂದ ಕೊಳೆ ಒಳಹೊಗುತ್ತದೆ. ಬಲಿತ ಮೇಲೂ ನೆಲದಲ್ಲಿಯೇ ಬಿಟ್ಟರೆ ಹೊರಸಿಪ್ಪೆ ಬಿರಿದು ಉದುರುತ್ತದೆ. ನಡುವೆ ಅಕಾಲದ ಮಳೆಯೊಂದು ಬಿದ್ದರಂತೂ ಗೆಡ್ಡೆ ಹೊಸ ಬೇರು ಬಿಟ್ಟು ಮಲಗುವ ಮೊದಲೇ ಎಚ್ಚೆತ್ತುಕೊಳ್ಳುತ್ತದೆ. ಹಾಗೆ ಒಮ್ಮೆ ಎಚ್ಚೆತ್ತುದನ್ನು ಮತ್ತೆ ಮಲಗಿಸಲು ಸಾಧ್ಯವಿಲ್ಲ.

ಕಟಾವಿಗೆ ಒಣಹವೆಯ ದಿನವನ್ನು ಆರಿಸಿಕೊಳ್ಳಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಸಣ್ಣ ಗುದ್ದಲಿಯಿಂದ ಗೊಂಚಲಿನ ಪಕ್ಕದ ಮಣ್ಣನ್ನು ಸಡಿಲಿಸಿ, ಎಲೆಗಳನ್ನು ಬುಡದಲ್ಲಿ ಹಿಡಿದು ಮೆಲ್ಲನೆ ಎತ್ತಬೇಕು. ಅಂಟಿದ ಮಣ್ಣನ್ನು ಕೈಯಿಂದ ಉದುರಿಸಬಹುದೇ ಹೊರತು ಗೊಂಚಲನ್ನು ನೆಲಕ್ಕೆ ಬಡಿಯಬಾರದು, ನೀರಿನಲ್ಲಿ ತೊಳೆಯಲೇಬಾರದು. ಬಡಿದಾಗ ಆದ ಪೆಟ್ಟು ಅಂದು ಕಣ್ಣಿಗೆ ಕಾಣುವುದಿಲ್ಲ. ತಿಂಗಳು ಕಳೆದ ಮೇಲೆ ಅಲ್ಲಿಯೇ ಕೊಳೆ ಹುಟ್ಟಿ, ನೆರೆಯ ಗೆಡ್ಡೆಗಳಿಗೂ ಹರಡುತ್ತದೆ.

ಕಿತ್ತ ಈರುಳ್ಳಿಯನ್ನು ಒಡನೆಯೇ ಮೂಟೆ ಕಟ್ಟುವುದು ಅನೇಕರು ಮಾಡುವ ತಪ್ಪು. ಅದನ್ನು ಮೊದಲು ಹದವಾಗಿ ಒಣಗಿಸಬೇಕು. ಇದಕ್ಕೆ ರೈತರು ಅನುಸರಿಸುವ ಉಪಾಯ ಸರಳವಾದುದು, ಸೊಗಸಾದುದು. ಗೊಂಚಲುಗಳನ್ನು ಪಾತಿಯ ಮೇಲೆಯೇ ಸಾಲಾಗಿ ಮಲಗಿಸುತ್ತಾರೆ. ಒಂದು ಸಾಲಿನ ಗೆಡ್ಡೆಗಳ ಮೇಲೆ ಮುಂದಿನ ಸಾಲಿನ ಎಲೆಗಳು ಮುಚ್ಚಿಗೆಯಾಗಿ ಬೀಳುವಂತೆ ಜೋಡಿಸುತ್ತಾರೆ. ಗಾಳಿ ಗೆಡ್ಡೆಗೆ ತಾಗುತ್ತದೆ. ಸುಡುವ ಬಿಸಿಲು ತಾಗುವುದಿಲ್ಲ. ನೇರವಾದ ಬಿಸಿಲಿಗೆ ಸಿಕ್ಕಿದ ಗೆಡ್ಡೆಯ ಮೈ ಬೆಂದಂತಾಗಿ ಅಲ್ಲಿ ಮೆತ್ತನೆಯ ಕಲೆ ಬೀಳುತ್ತದೆ. ಹೀಗೆ ಮೂರರಿಂದ ಐದು ದಿನ ಹೊಲದಲ್ಲಿ ಒಣಗಿಸಿ, ಅನಂತರ ಜಗುಲಿಯಲ್ಲಿಯೋ ಮರದ ನೆರಳಿನಲ್ಲಿಯೋ ಹರಡಿ ಮತ್ತೆ ಹತ್ತು ಹನ್ನೆರಡು ದಿನ ಗಾಳಿಗೆ ಬಿಡಬೇಕು.

ಈ ದಿನಗಳಲ್ಲಿ ಗೆಡ್ಡೆಯಲ್ಲಿ ಎರಡು ಮಾರ್ಪಾಡುಗಳಾಗುತ್ತವೆ. ಮೊದಲನೆಯದಾಗಿ, ಕುತ್ತಿಗೆ ಒಣಗಿ, ಕುಗ್ಗಿ, ದಾರದಿಂದ ಕಟ್ಟಿದ ಚೀಲದ ಬಾಯಿಯಂತೆ ಬಿಗಿದುಕೊಳ್ಳುತ್ತದೆ. ಎರಡನೆಯದಾಗಿ, ಹೊರಗಿನ ಒಂದೆರಡು ಪದರಗಳು ಒಣಗಿ ಕಾಗದದಂತಾಗಿ ಕೆಂಪು ಬಣ್ಣ ತಾಳುತ್ತವೆ. ಅಡುಗೆಯ ಮನೆಯಲ್ಲಿ ಕಸವೆಂದು ಎಸೆಯುವ ಈ ಸಿಪ್ಪೆಯೇ ಗೆಡ್ಡೆಯ ಕವಚ. ಅದು ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಅಷ್ಟೇ ಅಲ್ಲ, ರೋಗವನ್ನೂ ತಡೆಯುತ್ತದೆ. ಬಣ್ಣದ ಈರುಳ್ಳಿಗೆ ತಗಲದ ಒಂದು ಬಗೆಯ ಕಪ್ಪು ಚುಕ್ಕೆಯ ರೋಗ ಬಿಳಿಯ ಈರುಳ್ಳಿಗೆ ಮಾತ್ರ ಏಕೆ ತಗಲುತ್ತದೆ ಎಂಬ ಪ್ರಶ್ನೆಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೆ. ಸಿ. ವಾಕರ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ಬಣ್ಣದ ಒಣಸಿಪ್ಪೆಯಲ್ಲಿರುವ ಕೆಲವು ರಾಸಾಯನಿಕ ವಸ್ತುಗಳು ಆ ರೋಗದ ಶಿಲೀಂಧ್ರವನ್ನು ಮೊಳೆಯದಂತೆ ತಡೆಯುತ್ತವೆ ಎಂಬುದನ್ನು ಅವರು 1930ರ ಸುಮಾರಿಗೆ ತೋರಿಸಿಕೊಟ್ಟರು. ಸಸ್ಯವು ರೋಗದಿಂದ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದರ ಅಧ್ಯಯನದಲ್ಲಿ ಇದೊಂದು ಹೆಸರಾಂತ ಶೋಧ. ಚೆಂದ ಕಾಣಲೆಂದು ಸಿಪ್ಪೆಯನ್ನು ಉಜ್ಜಿ ತೆಗೆದು ಈರುಳ್ಳಿಯನ್ನು ಸಂಗ್ರಹಿಸುವವರು ಕಾವಲುಗಾರನನ್ನು ತಾವೇ ಹೊರಗೆ ಅಟ್ಟಿದಂತಾಗುತ್ತದೆ.

ಒಣಗಿದ ಮೇಲೆ ಆರಿಸುವ ಕೆಲಸ. ಪೆಟ್ಟು ಬಿದ್ದುದು, ಕುತ್ತಿಗೆ ದಪ್ಪನಾದುದು, ಸಿಪ್ಪೆ ಸುಲಿದುದು, ಮೆತ್ತಗಾದುದು—ಇವನ್ನು ಬೇರೆಯಾಗಿಟ್ಟು ಮೊದಲು ಅಡುಗೆಗೆ ಬಳಸಬೇಕು. ಗಟ್ಟಿಯಾದುವನ್ನು ಮಾತ್ರ ಕೂಡಿಡಬೇಕು. ಬುಟ್ಟಿಯಲ್ಲಿ ಇಡುವುದಾದರೆ ಒಣಗಿದ ಎಲೆಯನ್ನು ಗೆಡ್ಡೆಯ ಮೇಲೆ ಒಂದಂಗುಲದಷ್ಟು ಬಿಟ್ಟು ಕತ್ತರಿಸಬೇಕು. ತೀರ ಬುಡಕ್ಕೆ ಕತ್ತರಿಸಿದರೆ ಬಿಗಿದುಕೊಂಡ ಬಾಯನ್ನು ಮತ್ತೆ ತೆರೆದಂತಾಗುತ್ತದೆ. ತೂಗುಹಾಕುವುದಾದರೆ ಎಲೆಗಳನ್ನು ಕತ್ತರಿಸದೆ, ಹಿಡಿ ಹಿಡಿಯಾಗಿ ಸೇರಿಸಿ ಕತ್ತಾಳೆಯ ನಾರಿನಿಂದ ಕಟ್ಟುವರು.

ಇನ್ನು ಸಂಗ್ರಹದ ಮಾತು. ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದ ಜನ ಈರುಳ್ಳಿಯನ್ನೇಕೆ ಅಲ್ಲಿ ಇಡಲಿಲ್ಲ? ಹಗೇವು ಎಂದರೆ ನೆಲದಲ್ಲಿ ತೋಡಿದ ಕಣಜ. ರಾಗಿಯನ್ನು ತುಂಬಿ ಬಾಯಿಯನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ಒಳಗೆ ಗಾಳಿಯಾಡುವುದಿಲ್ಲ, ಹುಳು ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಚೆನ್ನಾಗಿ ಒಣಗಿದ ರಾಗಿಯಲ್ಲಿ ನೀರಿನ ಅಂಶ ನೂರಕ್ಕೆ ಹನ್ನೆರಡು ಭಾಗದಷ್ಟು ಮಾತ್ರ. ಈರುಳ್ಳಿಯಲ್ಲಾದರೋ ಎಂಬತ್ತು ಭಾಗಕ್ಕೂ ಮಿಗಿಲಾಗಿ ನೀರಿದೆ. ನೀರುಳ್ಳಿ ಎಂಬ ಹೆಸರಿನಲ್ಲಿಯೇ ನೀರು ಸೇರಿಕೊಂಡಿದೆ. ಕಾಳೂ ಜೀವವೇ, ಆದರೆ ಅದರ ನಿದ್ರೆ ಬಹು ಗಾಢವಾದುದು, ಉಸಿರಾಡುವುದೋ ಇಲ್ಲವೋ ಎನ್ನುವಷ್ಟು ಮಂದವಾದುದು. ಈರುಳ್ಳಿಯದು ಹಾಗಲ್ಲ. ಅದು ಮಲಗಿರುವಾಗಲೂ ಗಾಳಿಯಿಂದ ಆಮ್ಲಜನಕವನ್ನು ಸೆಳೆದುಕೊಂಡು, ತನ್ನ ಬುತ್ತಿಯ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ವ್ಯಯಮಾಡುತ್ತ, ಇಂಗಾಲದ ಡೈಆಕ್ಸೈಡನ್ನೂ ನೀರಿನ ಆವಿಯನ್ನೂ ಶಾಖವನ್ನೂ ಹೊರಬಿಡುತ್ತಿರುತ್ತದೆ. ರಾಶಿ ದೊಡ್ಡದಾಗಿದ್ದು ಗಾಳಿಯಾಡದಿದ್ದರೆ ಈ ಆವಿಯೂ ಶಾಖವೂ ಒಳಗೇ ನಿಂತು ರಾಶಿ ಬೆವರುತ್ತದೆ. ರಾಗಿಗೆ ಮುಚ್ಚುವುದೇ ಕಾಪು. ಈರುಳ್ಳಿಗೆ ತೆರೆಯುವುದೇ ಕಾಪು.

ಸಂಗ್ರಹಿಸಿದ ಈರುಳ್ಳಿಗೆ ಮೂರು ಬಗೆಯ ನಷ್ಟಗಳುಂಟು: ಒಣಗಿ ಸೊರಗುವುದು, ಕೊಳೆಯುವುದು, ಮೊಳೆಯುವುದು. ಹವೆ ಅತಿಯಾಗಿ ಒಣಗಿದ್ದರೆ ಮೊದಲನೆಯದು ಹೆಚ್ಚುತ್ತದೆ. ಹವೆಯಲ್ಲಿ ತೇವ ಹೆಚ್ಚಿದರೆ ಸಿಪ್ಪೆಯ ಕೆಳಗೆ ಮಸಿಯ ಪುಡಿಯಂತಹ ಕಪ್ಪು ಬೂಷ್ಟು ಹಿಡಿಯುತ್ತದೆ. ಬ್ಯಾಕ್ಟೀರಿಯಗಳು ಸೇರಿ ಗೆಡ್ಡೆ ಲೋಳೆಯಾಗಿ ನಾರುತ್ತದೆ. ಹವೆಯ ಸಾಪೇಕ್ಷ ತೇವಾಂಶ ಶೇಕಡ 65ರಿಂದ 70ರಷ್ಟಿದ್ದರೆ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಮೂರನೆಯದಾದ ಮೊಳಕೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ತಂಪು ಹೆಚ್ಚಿದಷ್ಟೂ ಈರುಳ್ಳಿ ಚೆನ್ನಾಗಿ ಉಳಿಯುತ್ತದೆ ಎಂದು ಯಾರಾದರೂ ಭಾವಿಸಬಹುದು. ಉಷ್ಣತೆ ಸೊನ್ನೆಯಿಂದ ಎರಡು ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ ಅದು ನಿಜ. ಆದರೆ 25ರಿಂದ 30 ಡಿಗ್ರಿಯ ಬೆಚ್ಚನೆಯ ಹವೆಯಲ್ಲಿಯೂ ಈರುಳ್ಳಿ ಮೊಳೆಯದೆ ಮಲಗಿರುತ್ತದೆ. ಇವೆರಡರ ನಡುವಣ, 10ರಿಂದ 20 ಡಿಗ್ರಿಯ ಹಿತವಾದ ತಂಪಿನಲ್ಲಿಯೇ ಅದು ಬೇಗನೆ ಎಚ್ಚರಗೊಳ್ಳುವುದು. ಕೊರೆಯುವ ಚಳಿಯೂ ಅಲ್ಲದ, ಬೇಸಗೆಯೂ ಅಲ್ಲದ ಆ ಹವೆಯನ್ನು ಅದು ಬೆಳೆಯುವ ಕಾಲವೆಂದೇ ತಿಳಿಯುತ್ತದೆ. ಕೋಲಾರದ ಸೀಮೆಯ ಒಣ ಬೇಸಗೆ ಜನರಿಗೆ ಕಷ್ಟವಾದರೂ ಈರುಳ್ಳಿಗೆ ಹಿತವಾದುದು ಇದರಿಂದಲೇ. ತೇವದಿಂದ ಕೂಡಿದ ಮನೆಯ ತಂಪುಪೆಟ್ಟಿಗೆ ಇದಕ್ಕೆ ತಕ್ಕ ಜಾಗವಲ್ಲ.

ಹಳೆಯ ಹೆಂಚಿನ ಮನೆಗಳಲ್ಲಿ ಒಲೆಯ ಮೇಲ್ಗಡೆಯ ಜಂತೆಗೆ ಈರುಳ್ಳಿ ಬೆಳ್ಳುಳ್ಳಿಗಳ ಗೊಂಚಲುಗಳನ್ನು ತೂಗುಹಾಕುತ್ತಿದ್ದರು. ದಿನವೂ ಏರುವ ಒಲೆಯ ಹೊಗೆ ಅವುಗಳ ಸುತ್ತಣ ತೇವವನ್ನು ಹೀರುತ್ತಿದ್ದಿತು. ಹೆಂಚುಗಳ ಸಂದಿನಿಂದ ಗಾಳಿ ಆಡುತ್ತಿದ್ದಿತು. ಉಷ್ಣತಾಮಾಪಕವನ್ನು ಕಾಣದ ಗೃಹಿಣಿಯರು ಅನುಭವದಿಂದಲೇ ಈ ಜಾಗವನ್ನು ಆರಿಸಿಕೊಂಡಿದ್ದರು. ಇಂದು ಸಿಮೆಂಟಿನ ತಾರಸಿ ಬಂದು ಜಂತೆ ಹೋಗಿದೆ. ಗ್ಯಾಸಿನ ಒಲೆ ಬಂದು ಹೊಗೆ ಹೋಗಿದೆ. ಹೊಗೆ ಹೋದುದು ಕಣ್ಣಿಗೂ ಎದೆಗೂ ಒಳ್ಳೆಯದೇ ಆಯಿತು. ಆದರೆ ಆ ಏರ್ಪಾಡಿನ ಹಿಂದಿನ ತತ್ತ್ವವನ್ನು ಬಿಡಬೇಕಾಗಿಲ್ಲ. ಗಾಳಿಯಾಡುವ ಜಗುಲಿಯ ಮೂಲೆಯಲ್ಲಿ ಹಗ್ಗ ಕಟ್ಟಿ ಗೊಂಚಲುಗಳನ್ನು ತೂಗುಹಾಕಬಹುದು. ಬಿದಿರಿನ ಬುಟ್ಟಿ, ಬಲೆಯ ಚೀಲ, ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ—ಇವುಗಳಲ್ಲಿ ಯಾವುದಾದರೂ ಆದೀತು. ಅವನ್ನು ಬರಿಯ ನೆಲದ ಮೇಲಿಡದೆ ಇಟ್ಟಿಗೆಗಳ ಮೇಲೆ ಎತ್ತಿಡಬೇಕು. ರಾಶಿ ಒಂದು ಗೇಣಿಗಿಂತ ಎತ್ತರವಾಗಬಾರದು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಆಲೂಗೆಡ್ಡೆಯ ಜೊತೆಯಲ್ಲಿಯೂ ಇಡಬಾರದು. ಆಲೂಗೆಡ್ಡೆ ಹೊರಬಿಡುವ ತೇವ ಈರುಳ್ಳಿಯ ನಿದ್ರೆಯನ್ನು ಕೆಡಿಸುತ್ತದೆ.

ಇಷ್ಟು ಮಾಡಿ ಮರೆತುಬಿಟ್ಟರೆ ಆಗಲಿಲ್ಲ. ವಾರಕ್ಕೊಮ್ಮೆಯಾದರೂ ಗೆಡ್ಡೆಗಳನ್ನು ಕೈಯಾಡಿಸಿ ನೋಡಬೇಕು. ಕಣ್ಣಿಗಿಂತ ಮೊದಲು ಮೂಗು ತಿಳಿಸುತ್ತದೆ. ಕೊಳೆತ ಒಂದನ್ನು ಅಂದೇ ತೆಗೆದರೆ ಹೋಗುವುದು ಒಂದು. ಮುಂದಿನ ವಾರಕ್ಕೆ ಬಿಟ್ಟರೆ ಬುಟ್ಟಿಯೇ ಹೋದೀತು. ಮನೆಯ ಹಿರಿಯರು ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸುವ ವಾಡಿಕೆ ಹಲವು ಮನೆಗಳಲ್ಲಿ ಉಂಟು. ಜೋಪಾನ ಎಂಬುದನ್ನು ಮಕ್ಕಳು ಕಲಿಯಲು ಇದಕ್ಕಿಂತ ಸುಲಭವಾದ ಪಾಠ ಬೇರೊಂದಿಲ್ಲ.

ಈ ಜೋಪಾನ ಮನೆಯ ಅಡುಗೆಗೆ ಮಾತ್ರ ಸಂಬಂಧಿಸಿದುದಲ್ಲ. ಕೋಲಾರದ ಮಾರುಕಟ್ಟೆಯಲ್ಲಿ, ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಯಲ್ಲಿ ಟೊಮೆಟೊ ಪೆಟ್ಟಿಗೆಗಳು ಬೆಟ್ಟದಂತೆ ಬಂದು ಬೀಳುತ್ತವೆ. ಬೆಲೆ ಕುಸಿದ ದಿನ, ಬಾಡಿಗೆಯ ಹಣವೂ ಹುಟ್ಟದೆ, ಬೆಳೆದವರೇ ಹಣ್ಣನ್ನು ರಸ್ತೆಯ ಬದಿಯಲ್ಲಿ ಸುರಿದು ಹೋದದ್ದುಂಟು. ಟೊಮೆಟೊ ಕಾಯುವುದಿಲ್ಲ, ಅದನ್ನು ಬೆಳೆದವನೂ ಕಾಯುವಂತಿಲ್ಲ. ಈರುಳ್ಳಿ ಕೆಲವು ತಿಂಗಳು ಕಾಯಬಲ್ಲದು. ಹದವಾಗಿ ಒಣಗಿಸಿ ಕಾಪಿಡಬಲ್ಲ ರೈತನು ಕಟಾವಿನ ದಿನದ ಬೆಲೆಗೆ ತಲೆಬಾಗಲೇಬೇಕಾಗಿಲ್ಲ. ಕಾಪಿಡಲಾರದ ನಾಡಿನ ಪಾಡು ಏನೆಂಬುದೂ ಆಗಾಗ ಕಂಡುಬರುತ್ತದೆ. 2019ರಲ್ಲಿ ಅಕಾಲದ ಮಳೆಯಿಂದ ಬೆಳೆ ಹಾಳಾಗಿ, ಸಂಗ್ರಹವೂ ಬರಿದಾದಾಗ, ಆ ವರ್ಷದ ಡಿಸೆಂಬರಿನಲ್ಲಿ ದೇಶದ ಹಲವು ನಗರಗಳಲ್ಲಿ ಒಂದು ಕಿಲೋಗ್ರಾಂ ಈರುಳ್ಳಿಯ ಬೆಲೆ ನೂರು ರೂಪಾಯಿಗಳನ್ನು ಮೀರಿತು.

ಸಂಗ್ರಹದ ನಷ್ಟವನ್ನು ತಗ್ಗಿಸಲು ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಪುಣೆಯ ಬಳಿಯ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನ ಸಂಸ್ಥೆಯು ತಳದಿಂದಲೂ ಪಕ್ಕಗಳಿಂದಲೂ ಗಾಳಿಯಾಡುವ ಉಗ್ರಾಣಗಳನ್ನು ರೂಪಿಸಿದೆ. ಜಂತೆಗೆ ತೂಗುಹಾಕಿದ ಗೊಂಚಲಿನ ತತ್ತ್ವವೇ ಅಲ್ಲಿ ದೊಡ್ಡದಾಗಿ ನಿಂತಿದೆ. ನಾಸಿಕದ ಬಳಿಯ ಲಾಸಲಗಾಂವ್‌ನಲ್ಲಿ ಭಾಭಾ ಅಣು ಸಂಶೋಧನ ಕೇಂದ್ರವು 2002ರಲ್ಲಿ ವಿಕಿರಣ ಘಟಕವೊಂದನ್ನು ಆರಂಭಿಸಿತು. ಗಾಮಾ ಕಿರಣಗಳನ್ನು ಅಲ್ಪ ಪ್ರಮಾಣದಲ್ಲಿ ಹಾಯಿಸಿದರೆ ಗೆಡ್ಡೆಯೊಳಗಿನ ಮೊಳಕೆಯ ಜೀವಕೋಶಗಳು ಬೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅಂತಹ ಈರುಳ್ಳಿ ಮೊಳೆಯದೆ ಬಹುಕಾಲ ಉಳಿಯುತ್ತದೆ. ಊಟಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ಅದನ್ನು ನೆಟ್ಟು ಬೆಳೆಯುವಂತಿಲ್ಲ. ಅದು ಎಚ್ಚರವಿಲ್ಲದ ನಿದ್ರೆ. ತಿನ್ನುವ ಈರುಳ್ಳಿಗೆ ಆ ನಿದ್ರೆ ಸಾಕು; ಬಿತ್ತನೆಯ ಈರುಳ್ಳಿಗೆ ಎಚ್ಚರವೂ ಬೇಕು.

ಹಿತ್ತಲಿನ ಈರುಳ್ಳಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಲು ಈ ಬಿತ್ತನೆಯದು. ರೋಗವಿಲ್ಲದ, ಎಲೆಗಳು ಸುರುಟಿಕೊಳ್ಳದ, ಹಳದಿ ಗೆರೆ ಬೀಳದ ಗಿಡಗಳನ್ನು ಬೆಳೆ ನಿಂತಿರುವಾಗಲೇ ಗುರುತಿಸಿಟ್ಟುಕೊಂಡು, ಅವುಗಳ ನಡುಗಾತ್ರದ ಗೆಡ್ಡೆಗಳನ್ನು ಬೇರೆಯಾಗಿ ಕಾಪಿಡಬೇಕು. ಗೆಡ್ಡೆಯಿಂದ ಗೆಡ್ಡೆಗೆ ಗುಣ ಹೇಗೆ ಇಳಿಯುವುದೋ ವೈರಸ್ ರೋಗವೂ ಹಾಗೆಯೇ ಇಳಿದು ಬರುತ್ತದೆ. ಈ ತೊಡಕನ್ನು ತಪ್ಪಿಸಲು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವು ಹೂ ಬಿಟ್ಟು ಬೀಜ ಕಟ್ಟುವ ಸಣ್ಣ ಈರುಳ್ಳಿಯ ತಳಿಯನ್ನು ಹೊರತಂದಿದೆ. ಆದರೂ ಹಿತ್ತಲಿನ ಬೇಸಾಯದಲ್ಲಿ ಗೆಡ್ಡೆಯೇ ಬೀಜ. ಇಪ್ಪತ್ತು ಕಿಲೋಗ್ರಾಂ ಬೆಳೆದ ಮನೆಗೆ ಮುಂದಿನ ಬೆಳೆಗಾಗಿ ಎರಡು ಕಿಲೋಗ್ರಾಂ ಬೇಕು. ಒಣಗುವುದನ್ನೂ ಕೊಳೆಯುವುದನ್ನೂ ಲೆಕ್ಕಕ್ಕೆ ಹಿಡಿದರೆ ಮೂರು ಕಿಲೋಗ್ರಾಂ ಎತ್ತಿಡಬೇಕು. ಲೆಕ್ಕ ಸಣ್ಣದು, ನಡೆಸುವುದು ಕಷ್ಟ. ಬೇಸಗೆಯ ಕೊನೆಯಲ್ಲಿ ಅಡುಗೆಯ ಬುಟ್ಟಿ ಬರಿದಾಗಿ, ಅಂಗಡಿಯಲ್ಲಿ ಬೆಲೆ ಏರಿ, ಮುದ್ದೆಗೆ ನಂಚಿಕೊಳ್ಳಲು ಏನೂ ಇಲ್ಲದ ದಿನ ಜಂತೆಯ ಗೊಂಚಲಿನ ಕಡೆಗೆ ಎಲ್ಲರ ಕಣ್ಣೂ ಹೋಗುತ್ತದೆ. ಅಂದು ಅದಕ್ಕೆ ಕೈಹಾಕಿದರೆ ಒಂದು ಹೊತ್ತಿನ ರುಚಿ ಸಿಕ್ಕೀತು. ಆದರೆ ಆ ಮನೆಯ ತಳಿ ಅಂದಿಗೆ ಮುಗಿಯುತ್ತದೆ. ಹೀಗಾಗಬಾರದೆಂದು ಬಿತ್ತನೆಯ ಗೊಂಚಲನ್ನು ಕೈಗೆಟುಕದ ಎತ್ತರದಲ್ಲಿ ಕಟ್ಟಿಸುವ ಅಜ್ಜಿಯರ ಕಟ್ಟುನಿಟ್ಟು ಜಿಪುಣತನವಲ್ಲ.

ಮುಗಿಯುವುದು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತಿಳಿಯಬೇಕು. ರಾಗಿಯ ಬೀಜ ಹೂವಿನಿಂದ ಹುಟ್ಟುತ್ತದೆ. ಪ್ರತಿಯೊಂದು ಬೀಜವೂ ಹೊಸದೊಂದು ಹುಟ್ಟು. ಗೆಡ್ಡೆಯಿಂದ ಬೆಳೆದ ಈರುಳ್ಳಿ ಹಾಗಲ್ಲ. ಅದು ತಾಯಿಯ ಮಗಳಲ್ಲ. ತಾಯಿಯೇ ಮತ್ತೊಮ್ಮೆ ಬೆಳೆದುದು. ಅಜ್ಜಿ ತನ್ನ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಒಂದು ಹಿಡಿ ಗೆಡ್ಡೆಯನ್ನು ವರ್ಷ ವರ್ಷವೂ ಕಾಪಿಟ್ಟು ನೆಡುತ್ತ ಬಂದಿದ್ದರೆ, ಮೊಮ್ಮಗಳ ಹಿತ್ತಲಿನಲ್ಲಿರುವುದು ಆ ಗಿಡವೇ. ಒಂದು ಬೇಸಗೆಯ ಅಜಾಗರೂಕತೆ ಆ ಎಳೆಯನ್ನು ಕಡಿಯಬಲ್ಲದು. ವಾರಕ್ಕೊಮ್ಮೆ ಬುಟ್ಟಿಯಲ್ಲಿ ಕೈಯಾಡಿಸುವ ಸಣ್ಣ ಕೆಲಸ ಅದನ್ನು ಉಳಿಸಬಲ್ಲದು.

ಜ್ಯೇಷ್ಠ ಆಷಾಢಗಳಲ್ಲಿ ಮುಂಗಾರಿನ ಮೋಡ ಆವನಿಯ ಬೆಟ್ಟದ ಮೇಲೆ ಕವಿಯುತ್ತದೆ. ಗಾಳಿಯಲ್ಲಿ ತೇವ ಬೆರೆಯುತ್ತದೆ. ನಾಲ್ಕು ತಿಂಗಳು ಕಲ್ಲಿನಂತೆ ಮಲಗಿದ್ದ ಗೆಡ್ಡೆಗಳ ಬುಡದಲ್ಲಿ ಬಿಳಿಯ ಬೇರಿನ ಮೊನೆಗಳು ಕಾಣುತ್ತವೆ. ಒಣಗಿದ ಕುತ್ತಿಗೆಯನ್ನು ಸರಿಸಿ ಹಸಿರು ಮೊಳಕೆ ಇಣುಕುತ್ತದೆ. ಅಡುಗೆಯ ಬುಟ್ಟಿಯಲ್ಲಿ ಇದನ್ನು ಕಂಡರೆ ನಷ್ಟವೆನ್ನುತ್ತಾರೆ. ಬಿತ್ತನೆಯ ಗೊಂಚಲಿನಲ್ಲಿ ಕಂಡರೆ ಶುಭವೆನ್ನುತ್ತಾರೆ. ಕಾಪಿಟ್ಟವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಹಿತ್ತಲಿನ ಕೆಂಪು ಮಣ್ಣು ಹದವಾಗಿ ನೆನೆದಿದೆ. ಗೊಂಚಲನ್ನು ಇಳಿಸಿ, ನಾರಿನ ಕಟ್ಟು ಬಿಚ್ಚಿ, ಗೆಡ್ಡೆಗಳನ್ನು ಮತ್ತೆ ಭೂಮಿಗೆ ಒಪ್ಪಿಸುತ್ತಾರೆ.